ಯೂನಿಫಾರ್ಮ್ ತೊಡದ ಪೊಲೀಸ್ ಕಮಿಷನರ್: ಅವರ ಕೈಯಲ್ಲಿ ಏನಿದೆ, ಏನಿಲ್ಲ?

ಪ್ರಶ್ನೆ: ಏಳು ವರ್ಷದಿಂದ ಇಂಗ್ಲೆಂಡಿನ ಪಟ್ಟಣವೊಂದರಲ್ಲಿದ್ದೇವೆ, ಪಾಸ್‌ಪೋರ್ಟ್ ಭಾರತದ್ದೇ. 2024ರ ಮೇ ತಿಂಗಳ ಪೊಲೀಸ್ ಕಮಿಷನರ್ ಚುನಾವಣೆಯ ಮತದಾನದ ಕಾರ್ಡು ಮನೆಗೆ ಬಂದಿತ್ತು. ತಪ್ಪಿ ಬಂದಿರಬೇಕು ಎಂದು ಸುಮ್ಮನಾದೆವು. ಗೆದ್ದವರು ಹಿಂದೆ ಕೌನ್ಸಿಲರ್ ಆಗಿದ್ದವರಂತೆ. ಬೆಂಗಳೂರಿನಲ್ಲಿ ಕಮಿಷನರ್ ಎಂದರೆ ಐಪಿಎಸ್ ಅಧಿಕಾರಿ. ಇಲ್ಲಿ ರಾಜಕಾರಣಿಯನ್ನೇ ಆ ಕುರ್ಚಿಯಲ್ಲಿ ಕೂರಿಸಿದರೆ ತನ್ನವರ ಮೇಲಿನ ಕೇಸು ಮುಚ್ಚಿಸುವುದಿಲ್ಲವೇ? ತಪ್ಪು ಮಾಡಿದರೆ ತೆಗೆಯುವವರು ಯಾರು? ಪಕ್ಕದ ಮನೆಯವರ ಚಿನ್ನ ಕಳುವಾಗಿತ್ತು. ಪೊಲೀಸರು ಐದು ವಾರಕ್ಕೆ ಫೈಲು ಮುಚ್ಚಿದರು. ದೂರು ಕೊಟ್ಟದ್ದಕ್ಕೆ ‘ತನಿಖೆ ಸರಿಯಾಗಿಯೇ ನಡೆದಿದೆ’ ಎಂಬ ಪತ್ರ ಎರಡು ವಾರದ ಹಿಂದೆ ಬಂದಿದೆ. ಕಮಿಷನರಿಗೆ ಬರೆದರೆ ಕೇಸು ಮತ್ತೆ ತೆರೆಸುತ್ತಾರೆ ಎನ್ನುತ್ತಾರೆ ಸ್ನೇಹಿತರು. ಈ ಹುದ್ದೆಯೇ ರದ್ದಾಗುತ್ತದೆ ಎಂದೂ ಕೇಳಿದ್ದೇವೆ. ಬರೆಯುವುದೋ ಬೇಡವೋ?

ಉತ್ತರ: ಮೊದಲು ಗಡುವಿನ ಮಾತು. ಪೊಲೀಸ್ ದೂರಿಗೆ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆ ಕೇಳಲು ಇರುವುದು 28 ದಿನ, ಪತ್ರದ ಮೇಲಿನ ದಿನಾಂಕದ ಮರುದಿನದಿಂದ ಲೆಕ್ಕ. ನಿಮ್ಮ ಪಕ್ಕದ ಮನೆಯವರಿಗೆ ಅರ್ಧ ಅವಧಿ ಈಗಾಗಲೇ ಕಳೆದಿದೆ. ಆದ್ದರಿಂದ ಆ ಪತ್ರವನ್ನು ಇವತ್ತೇ ತೆಗೆದು ಎರಡು ವಿಷಯ ನೋಡಿ. ಒಂದು, ದೂರನ್ನು 2002ರ ಪೊಲೀಸ್ ಸುಧಾರಣಾ ಕಾಯ್ದೆಯ ಮೂರನೇ ಶೆಡ್ಯೂಲ್‌ನ ಅಡಿ ದಾಖಲಿಸಿದ್ದಾರೆಯೇ ಎಂಬುದು. ಹಾಗೆ ದಾಖಲಿಸದೆ ಫೋನಿನಲ್ಲೇ ಸಮಾಧಾನ ಹೇಳಿ ಮುಗಿಸಿದ ದೂರುಗಳಿಗೆ ಮರುಪರಿಶೀಲನೆಯ ಹಕ್ಕೇ ಇರುವುದಿಲ್ಲ. ಆಗ ‘ಶೆಡ್ಯೂಲ್ ಮೂರರ ಅಡಿ ದಾಖಲಿಸಿ’ ಎಂದು ಮೊದಲು ಲಿಖಿತವಾಗಿ ಕೇಳಬೇಕು. ಎರಡು, ಮರುಪರಿಶೀಲನೆ ಮಾಡುವವರು ಯಾರು ಎಂಬುದು. 2020ರ ಫೆಬ್ರವರಿ 1ರಿಂದ ಸಾಮಾನ್ಯ ದೂರುಗಳ ಮರುಪರಿಶೀಲನೆ ಕಮಿಷನರ್ ಕಚೇರಿಗೆ ಬಂದಿದೆ, ಗಂಭೀರ ದುರ್ನಡತೆಯ ಆರೋಪಗಳದ್ದು ಸ್ವತಂತ್ರ ತನಿಖಾ ಸಂಸ್ಥೆಯಾದ ಐಒಪಿಸಿಗೆ ಹೋಗುತ್ತದೆ. ಯಾರಿಗೆ ಬರೆಯಬೇಕೆಂದು ಪತ್ರದಲ್ಲೇ ಹೇಳಿರಬೇಕು. ನೆರೆಯವರು ಲಿಖಿತ ಒಪ್ಪಿಗೆ ಕೊಟ್ಟರೆ ಅವರ ಪರವಾಗಿ ನೀವೇ ಅರ್ಜಿ ಹಾಕಬಹುದು.

ಅಂದರೆ ಕಮಿಷನರಿಗೆ ಬರೆಯಲೇಬೇಕು. ಆದರೆ ನಿಮ್ಮ ಸ್ನೇಹಿತರು ಹೇಳಿದ ಕಾರಣಕ್ಕಲ್ಲ. ಅದು ಅರ್ಥವಾಗಬೇಕಾದರೆ ಹುದ್ದೆಯ ಒಳಗನ್ನು ಸ್ವಲ್ಪ ನೋಡಬೇಕು.

ಗೊಂದಲವೆಲ್ಲ ಹುಟ್ಟುವುದು ಹೆಸರಿನಿಂದ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನ ಕಮಿಷನರುಗಳು ಪೊಲೀಸ್ ಪಡೆಯ ಮುಖ್ಯಸ್ಥರು. ಇಂಗ್ಲೆಂಡಿನಲ್ಲಿಯೂ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಕಮಿಷನರ್ ಯೂನಿಫಾರ್ಮ್ ತೊಟ್ಟ ಅಧಿಕಾರಿಯೇ. ನೀವು ಹೇಳುತ್ತಿರುವುದು ಬೇರೆಯೇ ಹುದ್ದೆ: ಪೊಲೀಸ್ ಅಂಡ್ ಕ್ರೈಮ್ ಕಮಿಷನರ್, ಚಿಕ್ಕದಾಗಿ ಪಿಸಿಸಿ. ಇವರಿಗೆ ಬಂಧಿಸುವ ಅಧಿಕಾರವಿಲ್ಲ, ಪಡೆಯಲ್ಲಿ ದರ್ಜೆಯಿಲ್ಲ. ಕೆಲಸದಲ್ಲಿರುವ ಪೊಲೀಸ್ ಅಧಿಕಾರಿ ಈ ಚುನಾವಣೆಗೆ ನಿಲ್ಲುವಂತೆಯೂ ಇಲ್ಲ. ಪಡೆಯನ್ನು ನಡೆಸುವವರು ಚೀಫ್ ಕಾನ್‌ಸ್ಟೆಬಲ್. ಪಿಸಿಸಿ ಅವರ ಮೇಲೆ ಜನರ ಪರವಾಗಿ ಕಣ್ಣಿಟ್ಟಿರುವ ಚುನಾಯಿತ ವ್ಯಕ್ತಿ.

ಹುದ್ದೆಯನ್ನು ತಂದದ್ದು 2011ರ ಪೊಲೀಸ್ ಸುಧಾರಣೆ ಮತ್ತು ಸಾಮಾಜಿಕ ಹೊಣೆಗಾರಿಕೆ ಕಾಯ್ದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 41 ಪೊಲೀಸ್ ಪ್ರದೇಶಗಳಲ್ಲಿ ಮೊದಲ ಚುನಾವಣೆ ನಡೆದದ್ದು 2012ರ ನವೆಂಬರ್ 15ರಂದು. ಮತ ಹಾಕಿದವರು ನೂರಕ್ಕೆ 15 ಮಂದಿ. ವೇಲ್ಸ್‌ನ ನ್ಯೂಪೋರ್ಟ್‌ನ ಒಂದು ಮತಗಟ್ಟೆಗೆ ದಿನವಿಡೀ ಒಬ್ಬರೂ ಬರಲಿಲ್ಲ. ನಿಮ್ಮ ಮನೆಯ ಕಾರ್ಡನ್ನು ನೀವು ಪಕ್ಕಕ್ಕಿಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ, ಆದರೆ ಅದು ತಪ್ಪಿ ಬಂದದ್ದಲ್ಲ. ಭಾರತದ ನಾಗರಿಕರು ಕಾಮನ್‌ವೆಲ್ತ್ ನಾಗರಿಕರು. ಅಲ್ಲಿ ವಾಸಿಸಲು ವೀಸಾ ಇದ್ದು, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸ್ಥಳೀಯ ಚುನಾವಣೆಯಲ್ಲೂ ಪಿಸಿಸಿ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು.

ಇನ್ನು ಕೌನ್ಸಿಲರುಗಳೇ ಈ ಕುರ್ಚಿಗೆ ಬರುವುದೇಕೆ? 2012ರಲ್ಲಿ ಪಕ್ಷೇತರರು 12 ಕಡೆ ಗೆದ್ದಿದ್ದರು. 2024ರಲ್ಲಿ 37 ಕಡೆ ಚುನಾವಣೆ ನಡೆದು ಒಬ್ಬ ಪಕ್ಷೇತರನೂ ಗೆಲ್ಲಲಿಲ್ಲ. ಕಾರಣ ಅಭ್ಯರ್ಥಿಯ ಖರ್ಚಿನಲ್ಲಿದೆ. ನಾಮಪತ್ರಕ್ಕೆ 100 ಮತದಾರರ ಸಹಿ ಬೇಕು, 5,000 ಪೌಂಡ್ ಠೇವಣಿ ಇಡಬೇಕು. ಶೇಕಡಾ 5ಕ್ಕಿಂತ ಹೆಚ್ಚು ಮತ ಬರದಿದ್ದರೆ ಅದು ಹೋಯಿತು. ಪಾರ್ಲಿಮೆಂಟ್ ಅಭ್ಯರ್ಥಿಗಿರುವಂತೆ ಮನೆಮನೆಗೆ ಉಚಿತವಾಗಿ ಕರಪತ್ರ ಅಂಚೆ ಮಾಡುವ ಸೌಲಭ್ಯ ಇಲ್ಲಿಲ್ಲ. ಕೌನ್ಸಿಲರ್ ಒಬ್ಬರು ವಾರ್ಡಿನ ಕೆಲವು ಸಾವಿರ ಮನೆಗಳ ಬಾಗಿಲು ತಟ್ಟಬಹುದು. ಥೇಮ್ಸ್ ವ್ಯಾಲಿಯಂಥ ಪ್ರದೇಶವೆಂದರೆ ಬರ್ಕ್‌ಷೈರ್, ಬಕಿಂಗ್‌ಹ್ಯಾಮ್‌ಷೈರ್, ಆಕ್ಸ್‌ಫರ್ಡ್‌ಷೈರ್ ಮೂರೂ ಸೇರಿ 20 ಲಕ್ಷಕ್ಕೂ ಮೀರಿದ ಜನ. ಕನ್ನಡಿಗರು ನೆಲೆಸಿರುವ ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಎಲ್ಲ ಅದರಲ್ಲೇ ಬರುತ್ತವೆ. ಅಲ್ಲೆಲ್ಲ ಕರಪತ್ರ ಹಂಚಲು ಕಾರ್ಯಕರ್ತರಿರುವುದು ಪಕ್ಷಗಳ ಬಳಿ ಮಾತ್ರ. ಪಕ್ಷದ ಟಿಕೆಟ್ ಸಿಗುವುದು ಪಕ್ಷದಲ್ಲಿ ವರ್ಷಗಟ್ಟಲೆ ದುಡಿದವರಿಗೆ. ಆ ಥೇಮ್ಸ್ ವ್ಯಾಲಿಯ ಮ್ಯಾಥ್ಯೂ ಬಾರ್ಬರ್ ಹತ್ತಿದ ಮೆಟ್ಟಿಲುಗಳನ್ನೇ ನೋಡಿ: ವೇಲ್ ಆಫ್ ವೈಟ್ ಹಾರ್ಸ್ ಜಿಲ್ಲಾ ಕೌನ್ಸಿಲಿನ ನಾಯಕ, ಆಮೇಲೆ ಡೆಪ್ಯುಟಿ ಪಿಸಿಸಿ, 2021ರಲ್ಲಿ ಪಿಸಿಸಿ, 2024ರಲ್ಲಿ ಮರುಆಯ್ಕೆ. ಡೆಪ್ಯುಟಿ ಹುದ್ದೆಗೆ ಸ್ಪರ್ಧಾತ್ಮಕ ನೇಮಕ ಬೇಕಿಲ್ಲ, ಪಿಸಿಸಿ ತಮಗೆ ಬೇಕಾದವರನ್ನು ಆರಿಸಿಕೊಳ್ಳಬಹುದು. ಹಾಗಾಗಿ ಅದು ಮುಂದಿನ ಅಭ್ಯರ್ಥಿಯ ತರಬೇತಿ ಶಾಲೆಯಾಗುವುದುಂಟು.

ಕೌನ್ಸಿಲರ್ ಹಿನ್ನೆಲೆಯಿಂದ ಕೆಡುಕೇ ಆಗುತ್ತದೆಂದು ತಿಳಿಯಬೇಡಿ. ಪಿಸಿಸಿಯ ವರ್ಷದ ದೊಡ್ಡ ಕೆಲಸವೇ ಮುಂಗಡಪತ್ರ, ಮತ್ತು ಅದು ಕೌನ್ಸಿಲಿನಲ್ಲಿ ಪಳಗಿದವರಿಗೆ ಕೈಗೆ ಬಂದ ಕೆಲಸ. ನಿಮ್ಮ ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆ ತೆರಿಗೆಯ ಬಿಲ್ಲಿನಲ್ಲಿ ಪೊಲೀಸ್ ಎಂಬ ಪ್ರತ್ಯೇಕ ಸಾಲೊಂದಿದೆ, ಆ ಮೊತ್ತ ನಿಗದಿ ಮಾಡುವವರು ಇವರೇ. ಫೆಬ್ರವರಿ 1ರೊಳಗೆ ಪ್ರಸ್ತಾವವನ್ನು ಪೊಲೀಸ್ ಅಂಡ್ ಕ್ರೈಮ್ ಪ್ಯಾನೆಲ್ ಮುಂದಿಡಬೇಕು. ಪ್ಯಾನೆಲ್ ಎಂದರೆ ಆ ಪ್ರದೇಶದ ಕೌನ್ಸಿಲುಗಳಿಂದ ಬಂದ ಕನಿಷ್ಠ 10 ಕೌನ್ಸಿಲರುಗಳು, ಜೊತೆಗೆ ಹೊರಗಿನ ಇಬ್ಬರು. ಫೆಬ್ರವರಿ 8ರೊಳಗೆ ಪ್ಯಾನೆಲ್ ತನ್ನ ಅಭಿಪ್ರಾಯ ಹೇಳಬೇಕು. ಮೂರನೇ ಎರಡರಷ್ಟು ಸದಸ್ಯರು ಒಪ್ಪಿದರೆ ಪ್ರಸ್ತಾವವನ್ನು ತಳ್ಳಿಹಾಕಬಹುದು. ಆಗ ಪಿಸಿಸಿ 15ರೊಳಗೆ ಹೊಸ ಮೊತ್ತ ಹೇಳಬೇಕು, ಎರಡನೇ ಸಲ ತಳ್ಳಿಹಾಕುವ ಅಧಿಕಾರ ಪ್ಯಾನೆಲ್‌ಗೆ ಇಲ್ಲ. 2025-26ರ ಸಾಲಿಗೆ ಬ್ಯಾಂಡ್ ಡಿ ಎಂಬ ತೆರಿಗೆ ದರ್ಜೆಯ ಮನೆಗೆ 14 ಪೌಂಡ್‌ಗಿಂತ ಹೆಚ್ಚು ಏರಿಸಬೇಕಿದ್ದರೆ ಜನಮತ ಕೇಳಬೇಕಿತ್ತು. ಬೆಡ್‌ಫರ್ಡ್‌ಷೈರಿನ ಪಿಸಿಸಿ 2015ರಲ್ಲಿ ಶೇಕಡಾ 15.8 ಏರಿಕೆಗೆ ಜನಮತ ಕೇಳಿದರು. ಮತ ಹಾಕಿದವರಲ್ಲಿ ಸುಮಾರು ಶೇಕಡಾ 70 ಮಂದಿ ಬೇಡವೆಂದರು. ಮತ್ತೆ ಯಾವ ಪಿಸಿಸಿಯೂ ಆ ದಾರಿ ಹಿಡಿಯಲಿಲ್ಲ.

ಈಗ ನಿಮ್ಮ ಮುಖ್ಯ ಆತಂಕಕ್ಕೆ ಬರೋಣ. ಕೇಸು ಮುಚ್ಚಿಸುವುದು, ಹಾಕಿಸುವುದು.

ಇದು ಇಂಗ್ಲೆಂಡಿಗೆ ಹೊಸ ಭಯವಲ್ಲ. 1835ರ ಪುರಸಭೆಗಳ ಕಾಯ್ದೆಯ ಕಾಲದಿಂದ ಪಟ್ಟಣದ ಪೊಲೀಸರು ವಾಚ್ ಕಮಿಟಿ ಎಂಬ ಕೌನ್ಸಿಲಿನ ಉಸ್ತುವಾರಿ ಸಮಿತಿಯ ಕೈಕೆಳಗಿದ್ದರು. 1959ರಲ್ಲಿ ನಾಟಿಂಗ್‌ಹ್ಯಾಮ್‌ನ ಚೀಫ್ ಕಾನ್‌ಸ್ಟೆಬಲ್ ಅಥೆಲ್‌ಸ್ಟನ್ ಪಾಪ್ಕೆಸ್ ಕೆಲವು ಕೌನ್ಸಿಲ್ ಸದಸ್ಯರ ಮೇಲಿನ ಭ್ರಷ್ಟಾಚಾರದ ಆರೋಪದ ಬಗ್ಗೆ ವಿಚಾರಣೆ ನಡೆಸಿದರು. ವಾಚ್ ಕಮಿಟಿ ಆ ವಿಚಾರಣೆಯ ವರದಿಯನ್ನು ತನ್ನ ಮುಂದಿಡಲು ಹೇಳಿತು. ಕಾನೂನು ಜಾರಿ ನಿಮ್ಮ ವ್ಯಾಪ್ತಿಯದಲ್ಲ ಎಂದು ಅವರು ನಿರಾಕರಿಸಿದರು. ಕಮಿಟಿ ಅವರನ್ನು ಅಮಾನತು ಮಾಡಿತು. ಗೃಹ ಸಚಿವ ಆರ್. ಎ. ಬಟ್ಲರ್ ಮಧ್ಯೆ ಬಂದು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಂತೆ ಮಾಡಿದರು. ನೀವು ಊಹಿಸಿಕೊಂಡ ಸಂಗತಿ ಸರಿಸುಮಾರು ಹಾಗೆಯೇ ಅಲ್ಲಿ ನಡೆದಿತ್ತು. ಇಂಥ ಪ್ರಕರಣಗಳ ಬಿಸಿಯಲ್ಲೇ ರಾಯಲ್ ಕಮಿಷನ್ ಕೂತು, 1964ರ ಪೊಲೀಸ್ ಕಾಯ್ದೆ ಬಂದು, ವಾಚ್ ಕಮಿಟಿಗಳು ಹೋದವು. ಆಮೇಲೆ 2012ರವರೆಗೆ ಇದ್ದದ್ದು ಕೌನ್ಸಿಲರುಗಳ ಜೊತೆ ಮ್ಯಾಜಿಸ್ಟ್ರೇಟರು, ಮುಂದೆ ಸ್ವತಂತ್ರ ಸದಸ್ಯರೂ ಇದ್ದ ಪೊಲೀಸ್ ಅಥಾರಿಟಿಗಳು.

ಹಾಗಾಗಿ 2011ರ ಕಾಯ್ದೆ ಬರೆಯುವಾಗ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದ್ದಾರೆ. ಪಡೆಯ ನಿರ್ದೇಶನ ಮತ್ತು ನಿಯಂತ್ರಣ ಚೀಫ್ ಕಾನ್‌ಸ್ಟೆಬಲ್‌ಗೆ ಸೇರಿದ್ದು. ಯಾರನ್ನು ಬಂಧಿಸಬೇಕು, ಯಾವ ತನಿಖೆ ನಿಲ್ಲಿಸಬೇಕು, ಯಾವ ಅಧಿಕಾರಿಯನ್ನು ಎಲ್ಲಿಗೆ ಹಾಕಬೇಕು ಎಂದು ಪಿಸಿಸಿ ಹೇಳುವಂತಿಲ್ಲ. ನಮ್ಮ ಕಡೆ ವರ್ಗಾವಣೆಯ ಭಯ ಮಾಡುವ ಕೆಲಸವನ್ನು ಅಲ್ಲಿ ಮಾಡಲು ಪಿಸಿಸಿ ಕೈಯಲ್ಲಿ ವರ್ಗಾವಣೆಯೇ ಇಲ್ಲ. ಇರುವುದು ಒಂದೇ ದೊಡ್ಡ ಅಸ್ತ್ರ: ಚೀಫ್ ಕಾನ್‌ಸ್ಟೆಬಲ್‌ರನ್ನು ನೇಮಿಸುವುದು, ಅಮಾನತು ಮಾಡುವುದು, ರಾಜೀನಾಮೆ ಕೇಳುವುದು. ಒತ್ತಡ ಬರುವುದಿದ್ದರೆ ಇದರಿಂದಲೇ ಬರಬೇಕು. ಇದಕ್ಕೂ ಲಗಾಮಿದೆ. ಕೆಲಸ ಬಿಡಿಸಬೇಕಾದರೆ ಕಾರಣ ಬರೆದು ಕೊಡಬೇಕು, ಪೊಲೀಸ್ ತಪಾಸಣಾ ಮುಖ್ಯಸ್ಥರ ಅಭಿಪ್ರಾಯ ಪಡೆಯಬೇಕು, ಪ್ಯಾನೆಲ್ ಮುಂದೆ ಹೋಗಬೇಕು. ಕೊನೆಗೆ ಹೈಕೋರ್ಟ್ ಇದ್ದೇ ಇದೆ. 2013ರಲ್ಲಿ ಲಿಂಕನ್‌ಷೈರಿನ ಪಿಸಿಸಿ ಮಾಡಿದ್ದ ಅಮಾನತನ್ನು ಕೋರ್ಟ್ ಅವಿವೇಕದ್ದು ಎಂದು ರದ್ದು ಮಾಡಿತು.

ಒಟ್ಟಿನಲ್ಲಿ ನೀವು ಭಯಪಟ್ಟ ಕಡೆ ಬೇಲಿ ಗಟ್ಟಿಯಾಗಿದೆ. ದಣಪೆ ತೆರೆದಿರುವುದು ನಿಮ್ಮ ಎರಡನೇ ಪ್ರಶ್ನೆಯ ಕಡೆ: ತಪ್ಪು ಮಾಡಿದ ಪಿಸಿಸಿಯನ್ನು ತೆಗೆಯುವವರು ಯಾರು? ನಾಲ್ಕು ವರ್ಷದ ಅವಧಿಯೊಳಗೆ, ಹೆಚ್ಚುಕಡಿಮೆ ಯಾರೂ ಇಲ್ಲ.

ಇದಕ್ಕೆ ದಕ್ಷಿಣ ಯಾರ್ಕ್‌ಷೈರ್‌ಗಿಂತ ಕಹಿಯಾದ ಉದಾಹರಣೆ ಬೇಕಿಲ್ಲ. ಅಲ್ಲಿ 2012ರಲ್ಲಿ ಲೇಬರ್ ಪಕ್ಷದಿಂದ ಗೆದ್ದ ಶಾನ್ ರೈಟ್ ರಾದರಮ್ ಕೌನ್ಸಿಲರ್ ಆಗಿದ್ದವರು. 2005ರಿಂದ 2010ರವರೆಗೆ ಆ ಕೌನ್ಸಿಲಿನಲ್ಲಿ ಮಕ್ಕಳ ಸೇವೆಗಳ ಹೊಣೆ ಹೊತ್ತ ಕ್ಯಾಬಿನೆಟ್ ಸದಸ್ಯರು. 2014ರ ಆಗಸ್ಟ್ 26ರಂದು ಪ್ರೊಫೆಸರ್ ಅಲೆಕ್ಸಿಸ್ ಜೇ ಅವರ ವರದಿ ಬಂತು. 1997ರಿಂದ 2013ರ ನಡುವೆ ರಾದರಮ್‌ನಲ್ಲಿ ಕಡಿಮೆಯೆಂದರೂ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಸಿಕ್ಕಿದ್ದಾರೆ, ಕೌನ್ಸಿಲ್ ಮತ್ತು ಪೊಲೀಸ್ ಇಬ್ಬರೂ ಕೈಚೆಲ್ಲಿದ್ದಾರೆ ಎಂದಿತು ಆ ವರದಿ. ಅದೇ ಅವಧಿಯಲ್ಲಿ ಮಕ್ಕಳ ಇಲಾಖೆ ನೋಡಿಕೊಂಡಿದ್ದವರೇ ಈಗ ಪೊಲೀಸರನ್ನು ಪ್ರಶ್ನಿಸಬೇಕಾದ ಸ್ಥಾನದಲ್ಲಿ ಕೂತಿದ್ದರು. ಗೃಹ ಸಚಿವೆ ತೆರೇಸಾ ಮೇ ರಾಜೀನಾಮೆ ಕೊಡಿ ಎಂದರು. ಅವರ ಸ್ವಂತ ಪಕ್ಷವೂ ಹೇಳಿತು. ಅವರು ಪಕ್ಷ ಬಿಟ್ಟರೇ ಹೊರತು ಹುದ್ದೆ ಬಿಡಲಿಲ್ಲ. ಪ್ಯಾನೆಲ್ ಸಭೆಯಲ್ಲಿ ಜನ ಎದುರೆದುರೇ ಕೇಳಿದರು. ಪ್ಯಾನೆಲ್‌ಗೆ ತೆಗೆಯುವ ಅಧಿಕಾರವೇ ಇರಲಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಜೈಲುಶಿಕ್ಷೆ ಇರುವ ಅಪರಾಧದ ಆರೋಪಪಟ್ಟಿ ಸಲ್ಲಿಕೆಯಾದರೆ ಮಾತ್ರ ಪ್ಯಾನೆಲ್ ಪಿಸಿಸಿಯನ್ನು ಅಮಾನತು ಮಾಡಬಹುದು, ಇದು ಈಗಲೂ ಹಾಗೆಯೇ ಇದೆ. ಮೂರು ವಾರದ ನಂತರ, ಸೆಪ್ಟೆಂಬರ್ 16ರಂದು, ಅವರೇ ರಾಜೀನಾಮೆ ಕೊಟ್ಟರು. ಆ ಮೂರು ವಾರ ಶೋಷಣೆಗೊಳಗಾದ ಹೆಣ್ಣುಮಕ್ಕಳು ಅದನ್ನು ನೋಡುತ್ತ ಕೂರಬೇಕಾಯಿತು ಎಂಬುದನ್ನು ನೆನೆದರೆ ಈ ಕಾಯ್ದೆಯ ದೋಷ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಅವರ ನಂತರ ಉಪಚುನಾವಣೆಯಲ್ಲಿ ಬಂದ ಅಲನ್ ಬಿಲಿಂಗ್ಸ್ ಸಹ ಹಿಂದೆ ಶೆಫೀಲ್ಡ್ ಕೌನ್ಸಿಲಿನ ಉಪನಾಯಕರಾಗಿದ್ದವರು, ಪಾದ್ರಿಯೂ ಹೌದು. 1989ರಲ್ಲಿ ನೂಕುನುಗ್ಗಲಿನಲ್ಲಿ ಫುಟ್‌ಬಾಲ್ ಅಭಿಮಾನಿಗಳು ಸತ್ತ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣ ದುರಂತದ ಬಗ್ಗೆ 2016ರ ಏಪ್ರಿಲ್ 26ರಂದು ಜ್ಯೂರಿಯ ನಿರ್ಣಯ ಬಂದ ಮರುದಿನವೇ ಚೀಫ್ ಕಾನ್‌ಸ್ಟೆಬಲ್ ಡೇವಿಡ್ ಕ್ರಾಂಪ್ಟನ್‌ರನ್ನು ಅಮಾನತು ಮಾಡಿದರು, ಮುಂದೆ ರಾಜೀನಾಮೆಯನ್ನೂ ಕೇಳಿದರು. 2017ರಲ್ಲಿ ಹೈಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು. ಒಂದೇ ಕುರ್ಚಿಯಲ್ಲಿ ಕೂತ ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿ. ಪಿಸಿಸಿ ಚೀಫ್ ಕಾನ್‌ಸ್ಟೆಬಲ್ ಮೇಲೆ ಕೈಮಾಡಿದರೆ ಪ್ರಶ್ನಿಸಲು ಕೋರ್ಟಿದೆ, ಪಿಸಿಸಿಯ ಮೇಲೆ ಜನರ ವಿಶ್ವಾಸ ಹೋದರೆ ಕೇಳಲು ವೇದಿಕೆಯಿಲ್ಲ.

ನೈತಿಕ ಒತ್ತಡ ಕೆಲಸ ಮಾಡುವುದೂ ಉಂಟು. ಉತ್ತರ ಯಾರ್ಕ್‌ಷೈರಿನ ಫಿಲಿಪ್ ಆಲಟ್, ಇವರೂ ಹಿಂದೆ ಹ್ಯಾರೊಗೇಟ್ ಕೌನ್ಸಿಲರ್, 2021ರ ಅಕ್ಟೋಬರಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಬಂಧನದ ನೆಪದಲ್ಲಿ ಅಪಹರಿಸಿ ಕೊಂದ ಸಾರಾ ಎವೆರಾರ್ಡ್ ಪ್ರಕರಣದ ಬಗ್ಗೆ ಮಾತಾಡುತ್ತ, ಪೊಲೀಸರು ಯಾವಾಗ ಬಂಧಿಸಬಹುದೆಂದು ಹೆಂಗಸರೇ ತಿಳಿದಿರಬೇಕು ಎಂಬ ಅರ್ಥದ ಮಾತಾಡಿದರು. ಪ್ಯಾನೆಲ್ ಒಮ್ಮತದಿಂದ ಅವಿಶ್ವಾಸ ಸೂಚಿಸಿತು. ಅದಕ್ಕೆ ಕಾನೂನಿನ ಬಲ ಇರದಿದ್ದರೂ ಅದೇ ದಿನ ಅವರು ಕೆಳಗಿಳಿದರು.

ಅರ್ಹತೆಯ ನಿಯಮ ಮಾತ್ರ ವಿಪರೀತ ಬಿಗಿ. ಜೈಲುಶಿಕ್ಷೆ ಆಗಬಹುದಾದ ಯಾವುದೇ ಅಪರಾಧಕ್ಕೆ, ಯಾವ ವಯಸ್ಸಿನಲ್ಲಾಗಲಿ, ದಂಡ ಕಟ್ಟಿ ಬಿಡುಗಡೆಯಾಗಿದ್ದರೂ ಸರಿ, ಒಮ್ಮೆ ತಪ್ಪಿತಸ್ಥರಾಗಿದ್ದರೆ ಪಿಸಿಸಿ ಆಗುವಂತಿಲ್ಲ. ಏವನ್ ಅಂಡ್ ಸಾಮರ್‌ಸೆಟ್‌ನಲ್ಲಿ ಬಾಬ್ ಆಷ್‌ಫರ್ಡ್ 1966ರಲ್ಲಿ 13ರ ಹುಡುಗನಾಗಿದ್ದಾಗ ಕಟ್ಟಿದ ಸಣ್ಣ ದಂಡದ ಕಾರಣಕ್ಕೆ 2012ರಲ್ಲಿ ಕಣದಿಂದ ಹಿಂದೆ ಸರಿಯಬೇಕಾಯಿತು. ವಿಲ್ಟ್‌ಷೈರಿನಲ್ಲಿ ಇನ್ನೂ ಎಡವಟ್ಟಾಯಿತು. 2021ರಲ್ಲಿ ಕೌನ್ಸಿಲರ್ ಜೊನಾಥನ್ ಸೀಡ್ ಅತಿ ಹೆಚ್ಚು ಮತ ಪಡೆದರು. ಮೂವತ್ತು ವರ್ಷದ ಹಿಂದೆ ಕುಡಿದು ವಾಹನ ಓಡಿಸಿದ ಪ್ರಕರಣ ಹೊರಬಂದು ಅಧಿಕಾರ ವಹಿಸಿಕೊಳ್ಳಲಾಗಲಿಲ್ಲ. ಆಗಸ್ಟಿನಲ್ಲಿ ಮರುಚುನಾವಣೆ ನಡೆಯಿತು, ಖರ್ಚು 10 ಲಕ್ಷ ಪೌಂಡ್ ಮೀರಿತು. ನಿಮ್ಮಲ್ಲಿ ಯಾರಾದರೂ ಮುಂದೆ ಇಂಥ ಸ್ಥಾನಕ್ಕೆ ನಿಲ್ಲುವ ಯೋಚನೆಯಿದ್ದರೆ ಹಳೆಯ ಟ್ರಾಫಿಕ್ ಪ್ರಕರಣವನ್ನೂ ಮೊದಲೇ ವಕೀಲರಿಗೆ ತೋರಿಸಿ. ಭಾರತದ ಪಾಸ್‌ಪೋರ್ಟಿನಲ್ಲಿ ನಿಲ್ಲಲು ಮತ ಹಾಕುವುದಕ್ಕಿಂತ ಹೆಚ್ಚಿನದು ಬೇಕು: ಅನಿರ್ದಿಷ್ಟ ಕಾಲ ವಾಸಿಸುವ ಪರವಾನಗಿ, ಅಂದರೆ ಐಎಲ್‌ಆರ್.

ಹುದ್ದೆ ರದ್ದಾಗುವ ಸುದ್ದಿ ನಿಜ. 2025ರ ನವೆಂಬರ್ 13ರಂದು ಸರ್ಕಾರ ಇದನ್ನು ಪ್ರಕಟಿಸಿತು. ಈಗಿನ ಅವಧಿ ಮುಗಿಯುವ 2028ರ ಮೇವರೆಗೆ ಪಿಸಿಸಿಗಳು ಇರುತ್ತಾರೆ. ಆಮೇಲೆ ಮೇಯರ್ ಇರುವ ಕಡೆ ಅಧಿಕಾರ ಮೇಯರ್‌ಗೆ, ಇಲ್ಲದ ಕಡೆ ಕೌನ್ಸಿಲ್ ನಾಯಕರು ಕೂತ ಮಂಡಳಿಗೆ ಹೋಗಬೇಕೆಂಬುದು ಯೋಜನೆ. ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿ 2017ರಿಂದ, ಪಶ್ಚಿಮ ಯಾರ್ಕ್‌ಷೈರಿನಲ್ಲಿ 2021ರಿಂದ, ಈಗ ಹೇಳಿದ ದಕ್ಷಿಣ ಮತ್ತು ಉತ್ತರ ಯಾರ್ಕ್‌ಷೈರ್‌ಗಳಲ್ಲಿ 2024ರಿಂದ ಮೇಯರ್‌ಗಳೇ ಈ ಕೆಲಸ ನೋಡುತ್ತಿದ್ದಾರೆ. ರಾಜಕಾರಣಿಗಳು ದೂರವಾಗುತ್ತಾರೆಂದು ಮಾತ್ರ ಎಣಿಸಬೇಡಿ. ಮೇಯರ್ ದಿನನಿತ್ಯದ ಪೊಲೀಸ್ ವ್ಯವಹಾರವನ್ನು ಡೆಪ್ಯುಟಿ ಮೇಯರ್ ಕೈಗೆ ಕೊಡುತ್ತಾರೆ. ಪಶ್ಚಿಮ ಯಾರ್ಕ್‌ಷೈರಿನಲ್ಲಿ ಆ ಸ್ಥಾನಕ್ಕೆ ಬಂದ ಅಲಿಸನ್ ಲೋವ್ ಸಹ ಲೀಡ್ಸ್ ಕೌನ್ಸಿಲರ್ ಆಗಿದ್ದವರು, ಮತ್ತು ಆ ಸ್ಥಾನಕ್ಕೆ ಪ್ರತ್ಯೇಕ ಚುನಾವಣೆಯಿಲ್ಲ. ಕಾಣದ ಪಿಸಿಸಿಗಿಂತ ಕಾಣುವ ಮೇಯರ್ ವಾಸಿ ಎಂದು ನನ್ನ ಅಭಿಪ್ರಾಯ, ಹೆಸರು ಗೊತ್ತಿದ್ದವರನ್ನಾದರೂ ಜನ ಪ್ರಶ್ನಿಸುತ್ತಾರೆ. ಆದರೆ ಅವಧಿಯ ಮಧ್ಯೆ ತೆಗೆಯುವುದು ಹೇಗೆ ಎಂಬ ತೊಡಕು ಈ ಬದಲಾವಣೆಯಿಂದ ತಾನಾಗಿ ಬಿಡಿಸಿಕೊಳ್ಳುವುದಿಲ್ಲ.

ಈಗ ನಿಮ್ಮ ನೆರೆಯವರ ಅರ್ಜಿ. ಕಮಿಷನರ್ ಕಚೇರಿ ಕಳ್ಳತನದ ತನಿಖೆಯನ್ನು ಮತ್ತೆ ನಡೆಸುವುದಿಲ್ಲ. ಅವರು ನೋಡುವುದು ಒಂದೇ: ದೂರಿಗೆ ಕೊಟ್ಟ ಉತ್ತರ ನ್ಯಾಯಯುತವೂ ದೂರಿನ ತೂಕಕ್ಕೆ ತಕ್ಕದ್ದೂ ಆಗಿದೆಯೇ? ಆಗಿಲ್ಲವೆನಿಸಿದರೆ ಪೊಲೀಸರಿಗೆ ಶಿಫಾರಸು ಮಾಡಬಹುದು, ಅದಕ್ಕೆ ಪೊಲೀಸರು ಉತ್ತರ ಕೊಡಲೇಬೇಕು, ಒಪ್ಪಲೇಬೇಕೆಂದಿಲ್ಲ. ಅನೇಕ ಕಡೆ ಫೈಲು ಓದುವವರು ಪಿಸಿಸಿಯಲ್ಲ, ಅವರ ಕಚೇರಿಯ ಸಿಬ್ಬಂದಿ. ಆದ್ದರಿಂದ ‘ಪೊಲೀಸರು ಏನೂ ಮಾಡಲಿಲ್ಲ’ ಎಂದು ಬರೆದರೆ ಅರ್ಜಿ ಬಿದ್ದುಹೋಗುತ್ತದೆ. ಪಕ್ಕದ ಅಂಗಡಿಯ ಸಿಸಿಟಿವಿ ಇದೆ ಎಂದು ಯಾವ ದಿನ ಹೇಳಿದಿರಿ, ಅದನ್ನು ಪಡೆದರೇ, ಪಡೆಯದಿದ್ದರೆ ಪತ್ರದಲ್ಲಿ ಕಾರಣ ಕೊಟ್ಟಿದ್ದಾರೆಯೇ, ಬೆರಳಚ್ಚು ತೆಗೆದರೇ, ಒಡವೆಗಳ ಫೋಟೊ ಮತ್ತು ತೂಕದ ಪಟ್ಟಿಯನ್ನು ಫೈಲಿಗೆ ಸೇರಿಸಿದರೇ ಎಂದು ಒಂದೊಂದಾಗಿ, ಕ್ರೈಮ್ ನಂಬರ್ ಸಮೇತ ಬರೆಯಿರಿ. ಮೊದಲ ದೂರಿನಲ್ಲಿ ಇಲ್ಲದ ಹೊಸ ಆಪಾದನೆ ಸೇರಿಸಬೇಡಿ, ಅದನ್ನು ಇಲ್ಲಿ ಪರಿಗಣಿಸುವುದಿಲ್ಲ.

ಆರೋಪಿ ಸಿಕ್ಕಿಯೂ ಕೇಸು ಹಾಕದಿದ್ದರೆ ಬಳಸುವ ಸಂತ್ರಸ್ತರ ಮರುಪರಿಶೀಲನಾ ಹಕ್ಕು ಬೇರೆ ಇದೆ, ಆರೋಪಿಯೇ ಪತ್ತೆಯಾಗದ ಕಳುವಿಗೆ ಅದು ಅನ್ವಯಿಸುವುದಿಲ್ಲ. ಇಂಥ ಕಳುವುಗಳಲ್ಲಿ ಹೊಸ ಸುಳಿವು ಸಿಕ್ಕರೆ ಪೊಲೀಸರು ತಾವಾಗಿಯೇ ಫೈಲು ತೆರೆಯಬಹುದು. ಒಡವೆ ಎಲ್ಲಾದರೂ ಮಾರಾಟಕ್ಕೆ ಕಂಡರೆ ಅರ್ಜಿಯ ಫಲಿತಾಂಶಕ್ಕೆ ಕಾಯದೆ ನೇರ ಪೊಲೀಸರಿಗೇ ತಿಳಿಸಿ. ನಿಮ್ಮ ಬೀದಿಯಲ್ಲಿ ಇಂಥ ಕಳುವು ಹಲವು ನಡೆದಿದ್ದರೆ ಅದು ಪಿಸಿಸಿಗೆ ನಿಜಕ್ಕೂ ಸೇರಿದ ವಿಷಯ. ಪ್ರದೇಶದ ಪೊಲೀಸ್ ಮತ್ತು ಅಪರಾಧ ಯೋಜನೆ ಬರೆಯುವವರು ಅವರೇ. ನಾಲ್ಕೈದು ಮನೆಯವರು ಸೇರಿ, ದಿನಾಂಕ ಮತ್ತು ಕ್ರೈಮ್ ನಂಬರುಗಳೊಡನೆ ಒಂದು ಪತ್ರವನ್ನು ಪಿಸಿಸಿಗೂ, ಅದರ ಪ್ರತಿಯನ್ನು ಪ್ಯಾನೆಲ್‌ನಲ್ಲಿರುವ ನಿಮ್ಮ ಕೌನ್ಸಿಲಿನ ಸದಸ್ಯರಿಗೂ ಕಳಿಸಿ. ಪ್ಯಾನೆಲ್ ಸಭೆಗಳು ಸಾರ್ವಜನಿಕ. ಅನೇಕ ಪ್ಯಾನೆಲ್‌ಗಳು ಮೊದಲೇ ಬರೆದುಕೊಟ್ಟ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತವೆ, ಅದರ ಗಡುವನ್ನು ಕೌನ್ಸಿಲಿನ ಡೆಮಾಕ್ರಟಿಕ್ ಸರ್ವಿಸಸ್ ವಿಭಾಗದಲ್ಲಿ ಕೇಳಿದರೆ ಹೇಳುತ್ತಾರೆ. ಆ ಪತ್ರಕ್ಕೆ ಒಂದೆರಡು ವಾರ ತಡವಾದರೂ ನಡೆಯುತ್ತದೆ, 28 ದಿನದ ಅರ್ಜಿಗೆ ನಡೆಯುವುದಿಲ್ಲ.